ಹಳೇ ಗಂಟಲು, ಹೊಸ ಗಂಟಲು: ಬ್ರೂಸ್ ಡಿಕಿನ್ಸನ್ ಆಲ್ಬಂ ಕೇಳಿ ಬರೆದ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಪೀಣ್ಯದಲ್ಲಿ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಸೂಪರ್‌ವೈಸರ್, ಊರು ತಿಪಟೂರು ಕಡೆ, ಈಗ ಲಗ್ಗೆರೆಯಲ್ಲಿ ಬಾಡಿಗೆ ಮನೆ. ನಿಮ್ಮ ಪತ್ರಿಕೆ ನಮ್ಮನೇಲಿ ಅಪ್ಪನ ಕಾಲದಿಂದ ಬರ್ತಿದೆ, ವಾಚಕರ ವಾಣಿಗೆ ಇದುವರೆಗೂ ಒಂದು ಸಾಲೂ ಬರೆದೋನಲ್ಲ, ಈಗ ಬರೀತಿರೋದು ರಸ್ತೆ ಗುಂಡಿ ಬಗ್ಗೆನೂ ಅಲ್ಲ ಬಸ್ಸಿನ ಬಗ್ಗೆನೂ ಅಲ್ಲ, ಒಂದು ಇಂಗ್ಲಿಷ್ ರಾಕ್ ಆಲ್ಬಂ ಬಗ್ಗೆ. 2024ರ ಮಾರ್ಚ್ 1ಕ್ಕೆ ಬಂತು ಅದು. ಹೆಸರು 'ದ ಮ್ಯಾಂಡ್ರೇಕ್ ಪ್ರಾಜೆಕ್ಟ್', ಹಾಡಿರೋದು ಐರನ್ ಮೇಡನ್ ಬ್ಯಾಂಡಿನ ಗಾಯಕ ಬ್ರೂಸ್ ಡಿಕಿನ್ಸನ್. ಬಂದಾಗಿಂದ ಕಡಿಮೆ ಅಂದ್ರೂ ಮೂವತ್ತು ಸಲ ಕೇಳಿದ್ದೀನಿ, ಇದರ ಬಗ್ಗೆ ಕನ್ನಡದಲ್ಲಿ ಯಾರಾದ್ರೂ ಬರೆದಿರ್ತಾರಾ ಅಂತ ದಿನಾ ನೋಡ್ತಿದ್ದೆ, ನನ್ನ ಕಣ್ಣಿಗೆ ಏನೂ ಬೀಳ್ಲಿಲ್ಲ, ಆಮೇಲೆ ನಾನೇ ಬರೀಬಾರ್ದು ಯಾಕೆ ಅನ್ನಿಸ್ತು. ಕನ್ನಡ ಪೇಪರ್ ಓದೋರೆಲ್ಲ ಹೆವಿ ಮೆಟಲ್ ಕೇಳಲ್ಲ ಅನ್ನೋದು ಸುಳ್ಳು ಸಾರ್. ನಮ್ಮ ಶಾಪ್‌ನಲ್ಲೇ ನಾವು ಮೂರು ಜನ ಇದ್ದೀವಿ, ಮೂರೂ ಜನ ಕನ್ನಡ ಮೀಡಿಯಂ.

ಬ್ರೂಸ್‌ನ ಏಕವಚನದಲ್ಲಿ ಬರೀತಿದ್ದೀನಿ, ತಪ್ಪು ತಿಳೀಬೇಡಿ. ದಾಸರು ವಿಠಲನ್ನ 'ನೀನು' ಅಂತಲೇ ಕರೆದದ್ದಲ್ವಾ, ಆ ಸಲುಗೆ ಅಂದ್ಕೊಳ್ಳಿ.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ. ಬ್ರೂಸ್ ಹುಟ್ಟಿದ್ದು 1958ರಲ್ಲಿ, ಇಂಗ್ಲೆಂಡಿನ ವರ್ಕ್‌ಸಾಪ್ ಅನ್ನೋ ಊರಲ್ಲಿ. 1981ರಲ್ಲಿ ಐರನ್ ಮೇಡನ್ ಸೇರ್ದ, ಮಾರನೇ ವರ್ಷ ಬಂದ 'ದ ನಂಬರ್ ಆಫ್ ದ ಬೀಸ್ಟ್' ಆಲ್ಬಂನಿಂದ ಪ್ರಪಂಚಕ್ಕೆಲ್ಲ ಗೊತ್ತಾದ, 1993ರಲ್ಲಿ ಬ್ಯಾಂಡ್ ಬಿಟ್ಟ, 1999ರಲ್ಲಿ ವಾಪಸ್ ಬಂದ. ಮಧ್ಯದ ಆ ವರ್ಷಗಳಲ್ಲಿ ಸ್ವಂತವಾಗಿ ಆಲ್ಬಂ ಮಾಡ್ತಿದ್ದ, 1994ರ ಡಿಸೆಂಬರ್‌ನಲ್ಲಿ ಯುದ್ಧದ ಮುತ್ತಿಗೆ ನಡೀತಿದ್ದ ಬೋಸ್ನಿಯಾದ ಸರಾಯೆವೋ ಊರೊಳಗೆ ಹೋಗಿ ಅಲ್ಲಿನ ಜನಕ್ಕೆ ಹಾಡಿ ಬಂದೋನು. ಏರೋಪ್ಲೇನ್ ಪೈಲಟ್ ಬೇರೆ. ಬ್ಯಾಂಡ್ ಟೂರ್ ಹೊರಟಾಗ ಇಡೀ ತಂಡವನ್ನ, ಅವರ ಸಾಮಾನನ್ನ ತುಂಬ್ಕೊಂಡು ತಾನೇ ವಿಮಾನ ಓಡಿಸಿದ್ದಾನೆ, 2016ರಲ್ಲಂತೂ ಜಂಬೋ ಜೆಟ್. ಬೆಳಿಗ್ಗೆ ವಿಮಾನ ಓಡಿಸಿ ಮಾರನೇ ದಿನ ಎರಡು ಗಂಟೆ ಸ್ಟೇಜ್ ಮೇಲೆ ಕುಣೀತಾ ಹಾಡೋದು ಅಂದ್ರೆ ಏನು ಅಂತ ಎರಡು ಶಿಫ್ಟ್ ಒಟ್ಟಿಗೆ ಮಾಡಿರೋ ನಮ್ಮಂಥೋರಿಗೆ ಚೆನ್ನಾಗಿ ಗೊತ್ತು.

ನನಗೆ ಇವನ ಪರಿಚಯ ಆಗಿದ್ದು ಕ್ಯಾಸೆಟ್‌ನಿಂದ. ರೂಮ್‌ಮೇಟ್ ಒಬ್ಬ ಬ್ರಿಗೇಡ್ ರೋಡಿಂದ ತಂದಿದ್ದ, ಒಳಗಡೆ ಮಡಚಿದ್ದ ಕಾಗದದಲ್ಲಿ ಸಣ್ಣಕ್ಷರದಲ್ಲಿ ಹಾಡಿನ ಸಾಹಿತ್ಯ ಇರ್ತಿತ್ತು, ನಾನು ಪಕ್ಕದಲ್ಲಿ ಡಿಕ್ಷನರಿ ಇಟ್ಕೊಂಡು ಒಂದೊಂದೇ ಪದ ನೋಡಿ ಅರ್ಥ ಬರ್ಕೊಳ್ತಿದ್ದೆ. ನನ್ನ ಇಂಗ್ಲಿಷ್ ಇವತ್ತು ಏನಿದೆಯೋ ಅದರಲ್ಲಿ ಅರ್ಧ ಆ ಕಾಗದಗಳಿಂದ ಬಂದಿದ್ದು. ಆಮೇಲೆ 2007ರ ಮಾರ್ಚ್ 17, ಶನಿವಾರ, ಅರಮನೆ ಮೈದಾನ. ಐರನ್ ಮೇಡನ್ ಇಂಡಿಯಾದಲ್ಲಿ ಮೊದಲನೇ ಸಲ ನುಡಿಸಿದ್ದೇ ನಮ್ಮ ಬೆಂಗಳೂರಲ್ಲಿ. ಟಿಕೆಟ್ ದುಡ್ಡಿಗೆ ಎರಡು ತಿಂಗಳು ಓಟಿ ಮಾಡಿದ್ದೆ, ಮಧ್ಯಾಹ್ನದಿಂದ ಬಿಸಿಲಲ್ಲಿ ನಿಂತಿದ್ವಿ, ಧೂಳು ಹೇಗಿತ್ತು ಅಂದ್ರೆ ಮನೆಗೆ ಹೋಗಿ ಮೂಗು ಸೀಟಿದ್ರೆ ಕೆಮ್ಮಣ್ಣು ಬರ್ತಿತ್ತು. 'ಫಿಯರ್ ಆಫ್ ದ ಡಾರ್ಕ್' ಹಾಡಿಗೆ ಶುರುವಿನ ಗಿಟಾರ್ ಬಿಟ್‌ನ ಸಾವಿರಾರು ಜನ 'ಓ ಓ' ಅಂತ ಹಾಡಿದ್ರು, ನನ್ನ ಪಕ್ಕದಲ್ಲಿ ಶಿಲ್ಲಾಂಗ್ ಕಡೆಯಿಂದ ಎರಡು ದಿನ ಟ್ರೈನಲ್ಲಿ ಬಂದಿದ್ದ ಹುಡುಗ ಒಬ್ಬ ಅಳ್ತಿದ್ದ. ನನಗೂ ಅಳು ಬಂತು. 2009ರಲ್ಲಿ ಮತ್ತೆ ಅದೇ ಮೈದಾನಕ್ಕೆ ಬಂದ್ರು, ಆಗಲೂ ಹೋಗಿದ್ದೆ, ಆದ್ರೆ ಮೊದಲನೇದು ಮೊದಲನೇದೇ.

ಈಗ ಆಲ್ಬಂಗೆ ಬರ್ತೀನಿ. ಬ್ರೂಸ್ ಸ್ವಂತ ಆಲ್ಬಂ ಇದಕ್ಕೆ ಮುಂಚೆ ಬಂದಿದ್ದು 2005ರಲ್ಲಿ, 'ಟಿರನಿ ಆಫ್ ಸೋಲ್ಸ್', ಅಂದ್ರೆ ಹತ್ತೊಂಬತ್ತು ವರ್ಷ ಗ್ಯಾಪ್. ಜೊತೆಗಿರೋದು ಅದೇ ಹಳೇ ಗೆಳೆಯ ರಾಯ್ ಝೀ, ಗಿಟಾರ್ ಅವನದ್ದೇ, ಬೇಸ್ ಗಿಟಾರ್ ಅವನದ್ದೇ, ಪ್ರೊಡ್ಯೂಸರ್ ಅವನೇ, 1994ರಿಂದ ಇವರಿಬ್ಬರ ಜೋಡಿ ಇದೆ. ಡ್ರಮ್ಸ್ ಡೇವ್ ಮೊರೇನೊ, ಕೀಬೋರ್ಡ್ ಇಟಲಿಯ ಮಿಸ್ಥೀರಿಯಾ. ಹತ್ತು ಹಾಡು, ಒಂದು ಗಂಟೆಗೆ ಎರಡು ನಿಮಿಷ ಕಡಿಮೆ.

ಮೊದಲನೇ ಸಲ ಪೂರ್ತಿ ಕೇಳಿದ್ದು ಟೆರೇಸ್ ಮೇಲೆ. ಆ ಮಾರ್ಚ್‌ನಲ್ಲಿ ಬೆಂಗಳೂರಿನ ನೀರಿನ ಕಥೆ ನಿಮಗೆ ಹೇಳೋದೇ ಬೇಡ, ನೀವೇ ದಿನಾ ಮುಖಪುಟದಲ್ಲಿ ಹಾಕ್ತಿದ್ರಿ. ನಮ್ಮ ಬಿಲ್ಡಿಂಗ್ ಬೋರ್‌ವೆಲ್ ಫೆಬ್ರವರಿಯಲ್ಲೇ ಕೈ ಕೊಟ್ಟಿತ್ತು, ಟ್ಯಾಂಕರ್‌ನೋನು ರಾತ್ರಿ ಹತ್ತೂವರೆಗೆ ಬರ್ತೀನಿ ಅಂದಿದ್ದ, ಸಂಪಿನ ಮುಚ್ಚಳ ತೆಗೆದಿಟ್ಟು ಮೇಲೆ ಹೋಗಿ ಖಾಲಿ ಸಿಂಟೆಕ್ಸ್ ಟ್ಯಾಂಕಿಗೆ ಒರಗಿ ಕೂತು ಹೆಡ್‌ಫೋನ್ ಹಾಕ್ಕೊಂಡೆ. ಒಂದು ಹಾಡೂ ಸ್ಕಿಪ್ ಮಾಡಬಾರ್ದು, ಮಧ್ಯ ವಾಟ್ಸಾಪ್ ನೋಡಬಾರ್ದು ಅಂತ ಮೊದಲೇ ಗಟ್ಟಿ ಮಾಡ್ಕೊಂಡಿದ್ದೆ, ಯಾಕಂದ್ರೆ ಇದು ಹಾಗೆ ಕೇಳಬೇಕಾದ ಆಲ್ಬಂ.

ಕಾನ್ಸೆಪ್ಟ್ ಆಲ್ಬಂ ಅಂತಾರಲ್ಲ, ನಮಗೆ ಅದೇನು ಹೊಸದಲ್ಲ. ಯಕ್ಷಗಾನದಲ್ಲಿ ಒಂದು ಪ್ರಸಂಗ ಇರತ್ತೆ, ಪದ್ಯದ ಮೇಲೆ ಪದ್ಯ ಬಂದು ಒಂದೇ ಕಥೆ ರಾತ್ರಿಯಿಡೀ ನಡಿಯತ್ತೆ. ಹರಿಕಥೆನೂ ಅಷ್ಟೆ. 'ಮೈಸೂರು ಮಲ್ಲಿಗೆ' ಕ್ಯಾಸೆಟ್ ನಮ್ಮನೇಲಿ ಅಪ್ಪ ಹಾಕಿದ್ರೆ ಎ ಸೈಡಿಂದ ಶುರು ಮಾಡಿ ಬಿ ಸೈಡ್ ಮುಗಿಯೋವರೆಗೂ ಯಾರೂ ಏಳೋ ಹಾಗಿರ್ಲಿಲ್ಲ, ಒಬ್ಬ ಕವಿಯ ಒಂದು ಲೋಕ ಅದು, ಮಧ್ಯದಿಂದ ಒಂದು ಹಾಡು ಕಿತ್ತು ಕೇಳಿದ್ರೆ ಅಪ್ಪನಿಗೆ ಕೋಪ ಬರ್ತಿತ್ತು. ಹತ್ತು ಸೆಕೆಂಡ್ ಕೇಳಿ ಮುಂದೆ ತಳ್ಳೋ ಈ ಕಾಲದಲ್ಲಿ ಅರವತ್ತೈದು ವರ್ಷದೋನು ಒಬ್ಬ ಒಂದು ಗಂಟೆ ಕೂತ್ಕೊಂಡು ಕೇಳಿ ಅಂತ ಇಡೀ ಆಲ್ಬಂ ಕೊಟ್ಟಿದ್ದಾನಲ್ಲ, ನನಗೆ ಮೊದಲು ಅದಕ್ಕೇ ಗೌರವ ಬಂತು.

ಕಥೆ ಏನಪ್ಪಾ ಅಂದ್ರೆ, ಮ್ಯಾಂಡ್ರೇಕ್ ಪ್ರಾಜೆಕ್ಟ್ ಅನ್ನೋ ಒಂದು ಗುಟ್ಟಿನ ಪ್ರಯೋಗ. ಸಾಯೋ ಕ್ಷಣದಲ್ಲಿ ಮನುಷ್ಯನ ಆತ್ಮವನ್ನ ಹಿಡಿದು, ಕೂಡಿಟ್ಟು, ಆಮೇಲೆ ಬೇರೆ ಯಾವುದಕ್ಕೋ ಸೇರಿಸೋದು. ಅದರಲ್ಲಿ ಡಾಕ್ಟರ್ ನೆಕ್ರೋಪೊಲಿಸ್ ಅನ್ನೋ ವಿಜ್ಞಾನಿ, ಪ್ರೊಫೆಸರ್ ಲಾಜರಸ್ ಅನ್ನೋ ಇನ್ನೊಬ್ಬ, ಇವರಿಬ್ಬರಿಗೂ ಆ ವಿದ್ಯೆನ ಯಾತಕ್ಕೆ ಬಳಸಬೇಕು ಅನ್ನೋದ್ರಲ್ಲಿ ಜಟಾಪಟಿ. ಇದಕ್ಕೆ ಹನ್ನೆರಡು ಸಂಚಿಕೆಯ ಕಾಮಿಕ್ಸ್ ಸರಣಿನೂ 2024ರಲ್ಲಿ ಶುರುವಾಯ್ತು, ಝಡ್‌ಟೂ ಕಾಮಿಕ್ಸ್‌ನೋರು ತಂದಿದ್ದು, ಬರವಣಿಗೆ ಟೋನಿ ಲೀ, ಚಿತ್ರ ಸ್ಟಾಜ್ ಜಾನ್ಸನ್. ಪರಕಾಯ ಪ್ರವೇಶದ ಕಥೆ ಕೇಳ್ಕೊಂಡು ಬೆಳೆದ ನಮಗೆ ಇದರ ಎಳೆ ಹಿಡಿಯೋದು ಕಷ್ಟ ಆಗಲ್ಲ.

ಆದ್ರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳ್ಬೇಕು. ಹಾಡುಗಳು ಕಾಮಿಕ್ಸ್ ಕಥೆಯನ್ನ ಒಂದರಿಂದ ಹತ್ತು ಅಂತ ಸಾಲಾಗಿ ಹೇಳಲ್ಲ. ಕೆಲವು ಹಾಡು ಕಥೆ ಒಳಗಿವೆ, ಕೆಲವು ಹೊರಗಿವೆ, ಬ್ರೂಸ್‌ನೂ ಇದನ್ನ ಸಂದರ್ಶನಗಳಲ್ಲಿ ಮುಚ್ಚಿಟ್ಟಿಲ್ಲ. ಕೆಲವರು ಇದನ್ನೇ ಹಿಡ್ಕೊಂಡು ಇದು ಕಾನ್ಸೆಪ್ಟ್ ಆಲ್ಬಂ ಅಲ್ವೇ ಅಲ್ಲ ಅಂತಾರೆ. ನನಗೆ ಹಾಗನ್ನಿಸಲ್ಲ. ಕಥೆಯ ದಾರ ಅಲ್ಲಲ್ಲಿ ಕಡಿದ್ರೂ ವಿಷಯದ ದಾರ ಕಡಿಯಲ್ಲ, ಹತ್ತೂ ಹಾಡು ಸುತ್ತೋದು ಒಂದೇ ಗಿಡದ ಸುತ್ತ: ಸಾವು, ಸಾವಿನಾಚೆ ಏನಾದ್ರೂ ಉಳಿಯತ್ತಾ, ಉಳಿಯೋದಾದ್ರೆ ಅದಕ್ಕೆ ಏನು ಬೆಲೆ ಕೊಡಬೇಕು.

ಮೊದಲ ಹಾಡು 'ಆಫ್ಟರ್‌ಗ್ಲೋ ಆಫ್ ರಗ್ನರೋಕ್'. ರಗ್ನರೋಕ್ ಅಂದ್ರೆ ನಾರ್ವೆ ಕಡೆಯ ಪುರಾಣದಲ್ಲಿ ಪ್ರಳಯ, ದೇವರುಗಳೂ ಸಾಯ್ತಾರೆ. ಪ್ರಳಯ ಆದ್ಮೇಲೆ ಉಳಿಯೋ ಬೆಳಕಿನ ಹಾಡು ಇದು. ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ಹೇಗಿದೆ ಅಂದ್ರೆ ನಮ್ಮ ಶಾಪ್‌ನಲ್ಲಿ ನೂರು ಟನ್ ಪವರ್ ಪ್ರೆಸ್ ಬಿದ್ದ ಹಾಗೆ, ಎದೆ ಒಳಗೆ ಕೇಳತ್ತೆ. ಎರಡನೇದು 'ಮೆನಿ ಡೋರ್ಸ್ ಟು ಹೆಲ್', ಮತ್ತೆ ಮನುಷ್ಯಳಾಗಿ ಬದುಕಬೇಕು ಅಂತ ಆಸೆ ಪಡೋ ಒಬ್ಬ ರಕ್ತಪಿಶಾಚಿ ಹೆಂಗಸಿನ ಹಾಡು, ಚೆನ್ನಾಗಿದೆ, ಎಂಬತ್ತರ ದಶಕದ ರಾಕ್ ವಾಸನೆ ಜೋರಾಗಿದೆ.

ಮೂರನೇದು 'ರೇನ್ ಆನ್ ದ ಗ್ರೇವ್ಸ್', ಸಮಾಧಿಗಳ ಮೇಲೆ ಮಳೆ. ಇದನ್ನ ಒಂದು ಹನಿ ಮಳೆ ಇಲ್ಲದ ಆ ಸೆಕೆ ರಾತ್ರಿಯಲ್ಲಿ ಖಾಲಿ ಟ್ಯಾಂಕ್ ಪಕ್ಕ ಕೂತು ಕೇಳಿದ್ದು ನಾನು ಯಾವತ್ತೂ ಮರೆಯಲ್ಲ. ಹಾಡು ಶುರು ಆಗೋದೇ ಪಿಸುಮಾತಿನ ಹಾಗೆ, ನಾಟಕದ ಪಾತ್ರಧಾರಿ ಪರದೆ ಹಿಂದಿಂದ ಮುಖ ತೋರಿಸಿದ ಹಾಗೆ. ಬ್ರೂಸ್‌ಗೆ ಇದು ಹೊಳೆದಿದ್ದು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನ ಗ್ರಾಸ್‌ಮಿಯರ್ ಅನ್ನೋ ಊರಲ್ಲಿ, ಚರ್ಚಿನ ಪಕ್ಕ ಕವಿ ವರ್ಡ್ಸ್‌ವರ್ತ್ ಸಮಾಧಿ ಇರೋ ಜಾಗದಲ್ಲಂತೆ. ಸತ್ತು ನೂರೆಪ್ಪತ್ತು ವರ್ಷ ದಾಟಿದ ಕವಿ ಹತ್ರ ಬದುಕಿರೋ ಹಾಡುಗಾರ ಯಾಕೆ ಹೋಗ್ತಾನೆ, ಏನು ಕೇಳಕ್ಕೆ ಹೋಗ್ತಾನೆ? ಹಾಡಿನಲ್ಲಿ ಸ್ಮಶಾನದಲ್ಲಿ ಕಾಯ್ತಾ ಇರೋನು ಸೈತಾನ. ನನಗೆ ಇದನ್ನ ಕೇಳ್ತಾ ಕುಪ್ಪಳಿ ನೆನಪಾಯ್ತು. ವರ್ಡ್ಸ್‌ವರ್ತ್ ಅಂದ್ರೆ ಕುವೆಂಪು ಅವರಿಗೆ ಎಷ್ಟು ಪ್ರೀತಿ ಅಂತ ಓದಿದೋರಿಗೆಲ್ಲ ಗೊತ್ತು. ಎಷ್ಟೋ ವರ್ಷದ ಹಿಂದೆ ಅಪ್ಪನ್ನ ಕರ್ಕೊಂಡು ಕವಿಶೈಲಕ್ಕೆ ಹೋಗಿದ್ದೆ, ಜುಲೈ ತಿಂಗಳು, ಜಡಿಮಳೆ, ಆ ದೊಡ್ಡ ಕಲ್ಲುಗಳ ಮಧ್ಯೆ ಕುವೆಂಪು ಸಮಾಧಿ ಮುಂದೆ ನಿಂತ್ಕೊಂಡು ಅಪ್ಪ ಕೊಡೆ ಮಡಚಿಬಿಟ್ರು. ಯಾಕಪ್ಪಾ ನೆನೀತೀಯ ಅಂದೆ. 'ಅವ್ರು ನೆನೀತಿದಾರಲ್ಲ' ಅಂದ್ರು, ಅಷ್ಟೇ. ಬ್ರೂಸ್‌ಗೆ ಈ ಹಾಡು ಯಾವ ಜಾಗದಿಂದ ಬಂತು ಅಂತ ನನಗೆ ಡಿಕ್ಷನರಿ ಇಲ್ಲದೇನೇ ಅರ್ಥ ಆಯ್ತು.

ನಾಲ್ಕನೇದು 'ರೆಸರೆಕ್ಷನ್ ಮೆನ್'. ಈ ಹೆಸರಿಗೆ ಒಂದು ನಿಜವಾದ ಚರಿತ್ರೆ ಇದೆ. 1832ಕ್ಕೆ ಮುಂಚೆ ಬ್ರಿಟನ್‌ನಲ್ಲಿ ವೈದ್ಯಕೀಯ ಶಾಲೆಗಳಿಗೆ ಹೆಣ ಕೊಯ್ದು ಕಲಿಯಕ್ಕೆ ಕಾನೂನು ಪ್ರಕಾರ ಸಿಗ್ತಿದ್ದದ್ದು ಗಲ್ಲಿಗೇರಿದ ಕೊಲೆಗಾರರ ದೇಹ ಮಾತ್ರ, ಅದು ಸಾಲ್ತಿರ್ಲಿಲ್ಲ, ಅದಕ್ಕೆ ರಾತ್ರೋರಾತ್ರಿ ಹೊಸ ಗೋರಿ ಅಗೆದು ಹೆಣ ಕದ್ದು ಮಾರೋರು ಹುಟ್ಕೊಂಡ್ರು, ಅವರನ್ನ ಜನ ಕರೀತಿದ್ದ ಹೆಸರು ಇದು. ಬ್ರೂಸ್ ಆ ಹೆಸರನ್ನ ಆತ್ಮ ಕದಿಯೋ ತನ್ನ ವಿಜ್ಞಾನಿಗಳಿಗೆ ಇಟ್ಟಿದ್ದಾನೆ. ಶುರುವಿನಲ್ಲಿ ಹಳೇ ಕೌಬಾಯ್ ಸಿನಿಮಾ ಥರ ಗಿಟಾರ್, ಜೊತೆಗೆ ಬಾಂಗೋ, ಆ ಬಾಂಗೋ ಬಾರಿಸಿರೋದು ಬ್ರೂಸೇ. ಮಧ್ಯದಲ್ಲಿ ಹಾಡು ಇದ್ದಕ್ಕಿದ್ದಂಗೆ ನಿಧಾನ ಆಗಿ ಕೆಸರಲ್ಲಿ ಕಾಲು ಹೂತ ಹಾಗೆ ಭಾರ ಆಗತ್ತೆ. ನನಗೆ ಇಡೀ ಆಲ್ಬಂನಲ್ಲಿ ಮೈ ಜುಂ ಅಂದ ಮೊದಲ ಜಾಗ ಅದು.

ಐದನೇದು ಪರವಾಗಿಲ್ಲ. ಆರನೇದು 'ಇಟರ್ನಿಟಿ ಹ್ಯಾಸ್ ಫೇಲ್ಡ್', ಇದಕ್ಕೊಂದು ಕಥೆ ಇದೆ. ಈ ಹಾಡನ್ನ ಬ್ರೂಸ್ ಬರೆದಿದ್ದು ತನ್ನ ಈ ಆಲ್ಬಂಗೇ, ಆದ್ರೆ ಅದು ಹಾರಿ ಹೋಗಿ ಐರನ್ ಮೇಡನ್‌ನ 2015ರ 'ದ ಬುಕ್ ಆಫ್ ಸೋಲ್ಸ್' ಆಲ್ಬಂನ ಮೊದಲ ಹಾಡಾಯ್ತು, ಹೆಸರಲ್ಲಿ ಸ್ವಲ್ಪ ವ್ಯತ್ಯಾಸ. ಆ ಹಾಡಿನ ಕೊನೇಲಿ ಯಾರೋ ಗಡಸು ದನಿಯಲ್ಲಿ ತಾನು ನೆಕ್ರೋಪೊಲಿಸ್ ಅಂತ ಮಾತಾಡಿ ಹೋಗ್ತಾನೆ, ಎಂಟೊಂಬತ್ತು ವರ್ಷ ನಾವೆಲ್ಲ ಯಾರಪ್ಪಾ ಇವನು ಅಂತ ತಲೆ ಕೆಡಿಸ್ಕೊಂಡಿದ್ವಿ, ಈಗ ಗೊತ್ತಾಯ್ತು, ಅವನು ಈ ಕಥೆಯ ಡಾಕ್ಟರ್. ಈಗ ಹಾಡು ತನ್ನ ತವರಿಗೆ ಬಂದಿದೆ, ಶುರುವಿನಲ್ಲಿ ಕೊಳಲಿದೆ, ದಕ್ಷಿಣ ಅಮೆರಿಕದ ಬೆಟ್ಟದ ಜನ ಊದೋ ಥರದ್ದು, ಗಸ್ ಜಿ ಅನ್ನೋ ಗಿಟಾರ್ ವಾದಕ ಒಂದು ಸೋಲೊ ಬಾರಿಸಿದ್ದಾನೆ. ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಿ. ನನ್ನ ಓಟು ಮೇಡನ್ ವರ್ಷನ್‌ಗೇ, ಮೇಡನ್‌ನ ಸ್ಟೀವ್ ಹ್ಯಾರಿಸ್‌ನ ಬೇಸ್ ಗಿಟಾರ್ ಇಲ್ಲದೇ ಹಾಡಿಗೆ ಆ ಕುದುರೆ ಓಟ ಬರಲ್ಲ. ಆದ್ರೆ ಈ ಜಾಗದಲ್ಲಿ, ಈ ಕಥೆ ಮಧ್ಯದಲ್ಲಿ ಇದು ಕೂರೋ ರೀತಿ ಬೇರೆ.

ಏಳನೇದರಲ್ಲಿ ನನಗೆ ತಕರಾರಿದೆ. 'ಮಿಸ್ಟ್ರೆಸ್ ಆಫ್ ಮರ್ಸಿ', ಜೋರಾಗಿದೆ, ವೇಗ ಇದೆ, ಆದ್ರೆ ಕಥೆ ಬಿಗಿಯಾಗ್ತಿರೋ ಹೊತ್ತಲ್ಲಿ ಇದು ಕೈ ಬಿಟ್ಟು ಹೋಗತ್ತೆ. ಡ್ರಮ್ಸ್ ಸೌಂಡ್ ಬಗ್ಗೆನೂ ಕೇಳ್ದೋರು ಬೇಜಾರಾಗ್ತಿದ್ದಾರೆ, ನನಗೂ ಅದು ಕೆಲವು ಕಡೆ ರಟ್ಟಿನ ಡಬ್ಬ ಬಡಿದ ಹಾಗೆ ಕೇಳ್ಸತ್ತೆ, ಇಷ್ಟು ದೊಡ್ಡ ಹಾಡುಗಳಿಗೆ ಇನ್ನಷ್ಟು ಗಾಳಿ ಬೇಕಿತ್ತು. ಅಭಿಮಾನಿ ಅಂತ ಇದನ್ನ ಬಿಟ್ಟು ಬರೆದ್ರೆ ತಪ್ಪಾಗತ್ತೆ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತಿರೋ ವಿಷಯ.

2014ರ ಕೊನೇಲಿ ಬ್ರೂಸ್‌ಗೆ ಕ್ಯಾನ್ಸರ್ ಗೊತ್ತಾಯ್ತು. ಬೇರೆಲ್ಲೂ ಅಲ್ಲ, ನಾಲಿಗೆ ಬುಡದಲ್ಲಿ, ಹಾಡೋನಿಗೆ ಎಲ್ಲಿ ಬರಬಾರದೋ ಅಲ್ಲೇ. ರೇಡಿಯೇಶನ್, ಕೀಮೋ ಎರಡೂ ಆಯ್ತು, 2015ರ ಮೇ ತಿಂಗಳಲ್ಲಿ ಪೂರ್ತಿ ಗುಣ ಆಗಿದೆ ಅಂದ್ರು. ಮಾರನೇ ವರ್ಷ ಸ್ಟೇಜ್ ಮೇಲಿದ್ದ.

ನಮ್ಮಪ್ಪನಿಗೂ ಗಂಟಲಲ್ಲೇ ಬಂತು, 2018ರಲ್ಲಿ. ಅಪ್ಪ ವೃತ್ತಿಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು, ಆದ್ರೆ ನಮ್ಮೂರ ಸುತ್ತ ಅವರನ್ನ ಜನ ಗುರುತಿಸ್ತಿದ್ದದ್ದು ಭಜನೆ ಮೇಷ್ಟ್ರು ಅಂತ. ಶರೀಫರ ಪದ ಹಾಡಕ್ಕೆ ಕೂತ್ರೆ ಮೈಕ್ ಬೇಕಿರ್ಲಿಲ್ಲ. 2005ರಲ್ಲಿ ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮ ಆಯ್ತಲ್ಲ, ಅದೇ ಅರಮನೆ ಮೈದಾನದಲ್ಲಿ, ಊರಿಂದ ಅಪ್ಪ ನನ್ನನ್ನ ನೋಡಕ್ಕೆ ಅಂತ ಬಂದು ಅಲ್ಲಿಗೆ ಎಳ್ಕೊಂಡು ಹೋಗಿದ್ರು. ಅಶ್ವತ್ಥ್ ಅವರಿಗೆ ಆಗ ವಯಸ್ಸು ಅರವತ್ತೈದು, ಬ್ರೂಸ್‌ಗೆ ಈ ಆಲ್ಬಂ ಬಂದಾಗ ಇರೋ ವಯಸ್ಸೇ. ಆ ಮನುಷ್ಯ ಕೈ ಮೇಲೆತ್ತಿ ಆ ಜನಸಾಗರದ ಮುಂದೆ ಹಾಡಿದ್ದನ್ನ ನೋಡಿದೋರಿಗೆ ನಾನು ರಾಕ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ರೇಡಿಯೇಶನ್‌ಗೆ ಮುಂಚೆ ಮುಖಕ್ಕೆ ಒಂದು ಮಾಸ್ಕ್ ಮಾಡ್ತಾರೆ, ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿನ ಮುಖದ ಮೇಲೆ ಒತ್ತಿ ಅಚ್ಚು ತೆಗೀತಾರೆ, ದಿನಾ ಅದನ್ನ ಹಾಕಿ ಟೇಬಲ್ಲಿಗೆ ಕ್ಲಿಪ್ ಮಾಡಿ ಮಲಗಿಸ್ತಾರೆ, ತಲೆ ಕೂದಲೆಳೆಯಷ್ಟೂ ಅಲ್ಲಾಡಬಾರ್ದು. ಮೂವತ್ತೈದು ಸಿಟಿಂಗ್. ಎರಡನೇ ವಾರಕ್ಕೆ ಉಪ್ಪು ಹುಳಿ ಗೊತ್ತಾಗೋದು ನಿಲ್ತು, ಮೂರನೇ ವಾರಕ್ಕೆ ಜೊಲ್ಲು ಬತ್ತಿ ಹೋಯ್ತು, ಗಂಜಿ ಇಳಿಸಕ್ಕೂ ಕಣ್ಣಲ್ಲಿ ನೀರು. ಜೀವ ಉಳೀತು, ದೇವರು ದೊಡ್ಡೋನು. ಆದ್ರೆ ಇವತ್ತಿಗೂ ಅಪ್ಪನ ಕೈಯಲ್ಲಿ ಒಂದು ಸಣ್ಣ ನೀರಿನ ಬಾಟ್ಲು ಇರ್ಲೇಬೇಕು, ಎರಡು ಮಾತಿಗೊಂದು ಗುಟುಕು. ಭಜನೆ ನಿಂತು ಹೋಯ್ತು. ಯಾರಾದ್ರೂ ಹಾಡಿ ಮೇಷ್ಟ್ರೇ ಅಂದ್ರೆ 'ಅದು ಹೋಯ್ತು ಬಿಡಪ್ಪ' ಅಂತಾರೆ.

ಈ ಆಲ್ಬಂನ ಎಂಟನೇ ಹಾಡು 'ಫೇಸ್ ಇನ್ ದ ಮಿರರ್', ಕುಡಿತಕ್ಕೆ ಬಿದ್ದವನ ಬಗ್ಗೆ, ಕನ್ನಡಿ ಮುಂದೆ ನಿಂತವನ ಬಗ್ಗೆ. ಮೆತ್ತಗಿನ ಹಾಡು, ಗಿಟಾರ್ ಗುಡುಗಾಟ ಇಲ್ಲ, ಗಂಟಲೊಂದೇ ಮುಂದಿದೆ. ಕ್ಯಾನ್ಸರ್ ದಾಟಿ ಬಂದ ಗಂಟಲು. ಮೇಲಿನ ಸ್ವರಕ್ಕೆ ಹೋಗುವಾಗ ಮೊದಲಿನ ಆ ಸೈರನ್ ಥರದ ನುಣುಪು ಇಲ್ಲ, ಅಂಚಲ್ಲಿ ಮರಳು ಕಾಗದ ಉಜ್ಜಿದ ಹಾಗೆ ಒಂದು ಒರಟು, ಕೆಳಗಿನ ಸ್ವರದಲ್ಲಿ ಮಾತ್ರ ಮೊದಲು ಇಲ್ಲದ ಒಂದು ಗಾಂಭೀರ್ಯ.

ಕೊನೇ ಹಾಡು 'ಸೊನಾಟಾ', ಹತ್ತಿರ ಹತ್ತಿರ ಹತ್ತು ನಿಮಿಷ. ಬೀಥೋವನ್‌ನ ಮೂನ್‌ಲೈಟ್ ಸೊನಾಟಾ ಅನ್ನೋ ಪಿಯಾನೊ ಕೃತಿಯ ನೆರಳಲ್ಲಿ ಹುಟ್ಟಿದ್ದು. ಬ್ರೂಸ್ ಹೇಳೋ ಪ್ರಕಾರ ಇದು ಇಪ್ಪತ್ತು ವರ್ಷಕ್ಕೂ ಹಿಂದೆ ಮಾಡಿ ಎತ್ತಿಟ್ಟಿದ್ದ ಹಾಡು, ಮೈಕ್ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಹಾಡಿಕೊಂಡು ಹೋಗಿದ್ದು, ನಾವು ಕೇಳೋದ್ರಲ್ಲಿ ಹೆಚ್ಚು ಭಾಗ ಆ ಮೊದಲನೇ ಟೇಕೇ. ಅಂದ್ರೆ ಕಾಯಿಲೆಗೆ ಮುಂಚಿನ ಗಂಟಲು! ಇದು ತಲೆಗೆ ಹೋದಾಗ ನಾನು ಟೆರೇಸಲ್ಲಿ ಎದ್ದು ನಿಂತುಬಿಟ್ಟೆ. ಸಾಯೋ ಹೊತ್ತಲ್ಲಿ ಆತ್ಮ ಹಿಡಿದು ಕೂಡಿಡೋ ಕಥೆ ಹೇಳೋ ಆಲ್ಬಂನ ಕೊನೇಲಿ, ಒಬ್ಬ ಮನುಷ್ಯ ತನ್ನ ಹೋದ ದನಿಯನ್ನ ಪೆಟ್ಟಿಗೆಯಿಂದ ತೆಗೆದು ಈಗಿನ ದನಿ ಪಕ್ಕ ಕೂರಿಸಿದ್ದಾನೆ. ಅವನು ಬೇಕಂತ ಮಾಡಿದ್ನೋ ಇಲ್ವೋ, ನನ್ನ ಪಾಲಿಗೆ ಮ್ಯಾಂಡ್ರೇಕ್ ಪ್ರಾಜೆಕ್ಟ್ ಅಂದ್ರೆ ಅದೇ, ಕಾಮಿಕ್ಸ್ ಕಥೆ ಆಮೇಲೆ.

ಟ್ಯಾಂಕರ್ ಬಂದಿದ್ದು ಹನ್ನೊಂದೂಮುಕ್ಕಾಲಿಗೆ. ಪೈಪ್ ಸಂಪಿಗೆ ಬಿಟ್ಟು ಕೂತಿದ್ದಾಗ ಅಪ್ಪ ನಿದ್ದೆ ಬರದೇ ಕೆಳಗೆ ಬಂದ್ರು, ಏನೋ ಅಷ್ಟೊತ್ತಿಂದ ಕೇಳ್ತಿದ್ದೀಯ ಅಂದ್ರು. ನಾನು ಏನೂ ಹೇಳ್ದೆ ಹೆಡ್‌ಫೋನ್ ಅವರ ಕಿವಿಗೆ ಇಟ್ಟು ಮೊದಲು 'ಸೊನಾಟಾ'ದ ಒಂದೆರಡು ನಿಮಿಷ, ಆಮೇಲೆ 'ಫೇಸ್ ಇನ್ ದ ಮಿರರ್' ಹಾಕ್ದೆ. ಇಂಗ್ಲಿಷ್ ಹಾಡು ಅಪ್ಪ ಜೀವನದಲ್ಲಿ ಕೇಳಿದೋರಲ್ಲ. ಕಣ್ಣು ಮುಚ್ಕೊಂಡು ತೊಡೆ ಮೇಲೆ ತಾಳ ಹಾಕ್ತಾ ಕೇಳಿದ್ರು, ಒಂದು ಗುಟುಕು ನೀರು ಕುಡಿದು ಅಂದ್ರು: 'ಎರಡೂ ಒಬ್ನೇನಾ? ಮೊದಲನೇದ್ರಲ್ಲಿ ಅವ್ನಿಗೆ ಉಸಿರಿನ ಯೋಚ್ನೆನೇ ಇಲ್ಲ. ಎರಡನೇದ್ರಲ್ಲಿ ಎಲ್ಲಿ ಉಸಿರು ತಗೋಬೇಕು ಅಂತ ಎಣಿಸಿ ತಗೋತಿದಾನೆ ನೋಡು.' ಆಗ ನಾನು ಅವನ ಕಾಯಿಲೆ ವಿಷಯ ಹೇಳ್ದೆ. ಅಪ್ಪ ಮಾತಾಡ್ಲಿಲ್ಲ. ಸಂಪ್ ತುಂಬೋವರೆಗೂ ಹೆಡ್‌ಫೋನ್ ವಾಪಸ್ ಕೊಡ್ಲಿಲ್ಲ. ಎರಡು ದಿನ ಬಿಟ್ಟು ಊರಿಗೆ ಫೋನ್ ಮಾಡಿ ತಮ್ಮನ ಹತ್ರ ಅಟ್ಟದ ಮೇಲಿರೋ ಹಾರ್ಮೋನಿಯಂಗೆ ಇಲಿ ಹತ್ತಿದ್ಯಾ ನೋಡು ಅಂದಿದ್ದಾರೆ ಅಂತ ಆಮೇಲೆ ಗೊತ್ತಾಯ್ತು.

ಬ್ರೂಸ್ ಈ ಆಲ್ಬಂ ಇಟ್ಕೊಂಡು 2024ರಲ್ಲಿ ಅಮೆರಿಕ, ಮೆಕ್ಸಿಕೊ, ಬ್ರೆಜಿಲ್, ಯೂರೋಪ್ ಅಂತ ಟೂರ್ ಹೋಗಿದ್ದ, ಲಿಸ್ಟಲ್ಲಿ ನಮ್ಮ ಊರಿರ್ಲಿಲ್ಲ. ಮುಂದೆ ಯಾವತ್ತಾದ್ರೂ ಬಂದ್ರೆ ಎರಡು ಟಿಕೆಟ್ ತಗೊಳ್ಳೋನು ನಾನು.

ಸಂಪಾದಕರೇ, ನಿಮ್ಮ ಸಾಪ್ತಾಹಿಕ ಪುರವಣಿಯಲ್ಲಿ ತಿಂಗಳಿಗೆ ಅರ್ಧ ಪುಟ ಆದ್ರೂ ಇಂಥ ಸಂಗೀತಕ್ಕೆ ಕೊಡಿ ಅಂತ ಕೇಳ್ಕೊಳ್ತೀನಿ. 1998ರಲ್ಲಿ ಬೆಂಗಳೂರಲ್ಲೇ ಹುಟ್ಟಿದ ಕ್ರಿಪ್ಟೋಸ್ ಅನ್ನೋ ಹೆವಿ ಮೆಟಲ್ ಬ್ಯಾಂಡ್ ಜರ್ಮನಿಯ ವಾಕೆನ್ ಸಂಗೀತ ಉತ್ಸವದಲ್ಲಿ ನುಡಿಸಿ ಬಂದಿದೆ, ಅಂಥೋರ ಬಗ್ಗೆ ಕನ್ನಡದಲ್ಲಿ ಓದಕ್ಕೆ ನನಗೆ ಆಸೆ ಇದೆ. ಹಾಗೇ ಈ ಕಾಮಿಕ್ಸ್ ಸಂಚಿಕೆಗಳನ್ನ ಬೆಂಗಳೂರಲ್ಲಿ ತರ್ಸಿ ಮಾರೋ ಅಂಗಡಿ ಯಾವುದಾದ್ರೂ ಓದುಗರಿಗೆ ಗೊತ್ತಿದ್ರೆ ಇದೇ ಅಂಕಣದಲ್ಲಿ ದಯವಿಟ್ಟು ತಿಳಿಸ್ಲಿ, ಹೊರದೇಶದಿಂದ ತರ್ಸಕ್ಕೆ ಹೋದ್ರೆ ಪುಸ್ತಕಕ್ಕಿಂತ ಅಂಚೆ ಖರ್ಚೇ ಜಾಸ್ತಿ ಆಗ್ತಿದೆ.

ಪತ್ರ ಉದ್ದ ಆಗಿದೆ, ಗೊತ್ತು. ಜಾಗ ಸಾಲ್ದೇ ಹೋದ್ರೆ ನನ್ನ ಕ್ಯಾಸೆಟ್ ಕಥೆ, 2007ರ ಕಥೆ ಎಲ್ಲ ತೆಗೆದುಬಿಡಿ. ಎಂಟನೇ ಹಾಡು, ಹತ್ತನೇ ಹಾಡಿನ ಭಾಗ ಮಾತ್ರ ದಯವಿಟ್ಟು ಉಳಿಸಿ, ಅಪ್ಪ ಬೆಳಿಗ್ಗೆ ಪೇಪರ್ ಓದ್ತಾರೆ.

ಇಂತಿ ನಿಮ್ಮ ಓದುಗ,
ಲಗ್ಗೆರೆ, ಬೆಂಗಳೂರು